ಗುರುತಿನ ಕಲ್ಲು

ಹಾಕ್ಸ್‌ಬೆಕ್ ಎಂಬ ಕಡಲ ದಡದ ಊರಿನಲ್ಲಿ ಕಲ್ಲು ಹುಡುಕುವವರು ಬೇರೆ, ಕಲ್ಲು ಬಿಡಿಸುವವರು ಬೇರೆ. ಎರಡೂ ನನಗೆ ಬರುತ್ತದೆ ಎನ್ನುವವನನ್ನು ಊರಿನವರು ಎದುರಿಗೆ ಹೊಗಳುತ್ತಾರೆ, ಅವನು ಅತ್ತ ಹೋದಮೇಲೆ ನಗುತ್ತಾರೆ. ಕ್ಲೆಮ್ ವೆರಿಲ್ ಹುಡುಕುವವನು. ಮೇವಿಸ್ ಪಿಕರಿಂಗ್ ಬಿಡಿಸುವವಳು. ಅವನು ಸಮುದ್ರದ ದಡದಿಂದ ಗುಂಡುಕಲ್ಲು ಹೊತ್ತು ತರುವುದು, ಇವಳು ಹಿತ್ತಲ ಶೆಡ್ಡಿನಲ್ಲಿ ಕೂತು ಗಾಳಿಯ ಒತ್ತಡದಿಂದ ಕೊರೆಯುವ ಗಾಳಿಪೆನ್ನು ಹಿಡಿದು ಮೇಲಿನ ಕಲ್ಲನ್ನು ಕೆರೆಕೆರೆದು ಒಳಗಿನದನ್ನು ಹೊರಗೆ ತರುವುದು. ಇದು ನಲವತ್ತು ವರ್ಷದಿಂದ ನಡೆದುಬಂದಿತ್ತು. ಮೊದಮೊದಲು ಊರು ಅವರಿಬ್ಬರ ಬಗ್ಗೆ ಗುಸುಗುಸು ಮಾತಾಡಿಕೊಂಡಿತು. ಮೇವಿಸ್‌ಳ ಗಂಡ ತೀರಿಕೊಂಡ ಮೇಲೆ ಇನ್ನೂ ಸ್ವಲ್ಪ ಮಾತಾಡಿತು. ಏನೂ ಆಗದಿದ್ದುದನ್ನು ಕಂಡು ಕೊನೆಗೆ ಬೇಜಾರಾಗಿ ಬಿಟ್ಟುಬಿಟ್ಟಿತು.

ಗುಂಡುಕಲ್ಲಿನ ಒಳಗೆ ಸಾಮಾನ್ಯವಾಗಿ ಇರುವುದು ಸುರುಳಿ, ಎಂದೋ ಕಡಲಲ್ಲಿದ್ದು ಕಲ್ಲಾಗಿಹೋದ ಜೀವಿಯ ಚಿಪ್ಪು. ನಮ್ಮಲ್ಲಿ ದೇವರ ಪೆಟ್ಟಿಗೆಯಲ್ಲಿಟ್ಟು ನೀರೆರೆಯುವ ಸಾಲಿಗ್ರಾಮದ ಜಾತಿಯೇ. ಇಲ್ಲಿನವರು ಅದಕ್ಕೆ ನೀರೆರೆಯುವುದಿಲ್ಲ, ಕಿಟಕಿಯಲ್ಲಿ ಇಡುತ್ತಾರೆ. ಹಿಂದಿನವರು ಅದಕ್ಕೊಂದು ಹಾವಿನ ತಲೆ ಕೆತ್ತಿ, ಊರಿನ ಸಂತಳೊಬ್ಬಳು ಹಾವುಗಳನ್ನೆಲ್ಲ ಕಲ್ಲು ಮಾಡಿದ್ದಕ್ಕೆ ಇದೇ ಸಾಕ್ಷಿ ಎಂದು ಪ್ರವಾಸಿಗಳಿಗೆ ತೋರಿಸುತ್ತಿದ್ದರು. ಕ್ಲೆಮ್‌ನ ಅಜ್ಜ ಅಂಥ ತಲೆ ಕೆತ್ತುವುದರಲ್ಲಿ ಎತ್ತಿದ ಕೈ. ಅವನು ಕೆತ್ತಿದ ಹಾವುಗಳೆಲ್ಲ ಅಜ್ಜಿಯ ಹಾಗೇ ಕಾಣುತ್ತಿದ್ದವು ಎಂದು ಹೇಳುತ್ತಾರೆ.

ಮೇವಿಸ್‌ಳ ಕೈ ಎಂಥದ್ದೆಂದರೆ ಸೊಳ್ಳೆಯ ರೆಕ್ಕೆಯಷ್ಟು ತೆಳುವಾದ ಚಿಪ್ಪಿಗೂ ಪೆನ್ನು ತಾಗಿಸದೆ ಕಲ್ಲು ಬಿಡಿಸುವಂಥದ್ದು. ಆದರೆ ಹುಡುಕುವ ಕಣ್ಣು ಮಾತ್ರ ಅವಳಿಗೆ ದೇವರು ಕೊಡಲಿಲ್ಲ. ಜನ್ಮದಲ್ಲಿ ಒಂದೇ ಒಂದು ಕಲ್ಲನ್ನೂ ಅವಳು ಹುಡುಕಿದವಳಲ್ಲ. ಒಮ್ಮೆ ದಡದಲ್ಲಿ ಬಂಡೆಯೊಂದರ ಮೇಲೆ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದಾಗ ಕ್ಲೆಮ್ ಬಂದು, ಸ್ವಲ್ಪ ಏಳ್ತೀಯಾ ಎಂದು ಕೇಳಿದ. ಎದ್ದಳು. ಅವಳು ಕೂತಿದ್ದದ್ದು ಬಂಡಿಯ ಗಾಲಿಯಷ್ಟು ಅಗಲದ ಸುರುಳಿಯ ಮೇಲೆ. ಆ ಸುರುಳಿ ಈಗ ಊರಿನ ಶಾಲೆಯ ಬಾಗಿಲಲ್ಲಿದೆ, ಮಕ್ಕಳು ಅದಕ್ಕೆ ಮೇವಿಸಜ್ಜಿಯ ಕುರ್ಚಿ ಎನ್ನುತ್ತಾರೆ. ಅವಳಿಗೆ ಅದರಿಂದ ಬೇಸರವೇನೂ ಇಲ್ಲವೆಂದು ಅವಳೇ ಹೇಳುತ್ತಾಳೆ.

ಹಾಗಿರುವಾಗ ಕ್ಲೆಮ್‌ನ ಕಣ್ಣು ಹೋಗತೊಡಗಿತು. ಅದೂ ಒಂದು ವಿಚಿತ್ರ ರೀತಿಯಲ್ಲಿ. ನೇರವಾಗಿ ನೋಡಿದ್ದು ಕಾಣದು, ಸುತ್ತಲಿನದು ಕಾಣುತ್ತದೆ. ಮೇವಿಸ್‌ಳ ಟೋಪಿ ಕಾಣುತ್ತದೆ, ಕೈಚೀಲ ಕಾಣುತ್ತದೆ, ಮುಖ ಮಾತ್ರ ಇಲ್ಲ. ಆಸ್ಪತ್ರೆಯವರು ಇದಕ್ಕೆ ಔಷಧ ಇಲ್ಲವೆಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು. ದಡದ ದಾರಿ ಅವನ ಕಾಲಿಗೇ ಗೊತ್ತಿತ್ತು, ಕೋಲೂರಿಕೊಂಡು ನಡೆಯುವುದಕ್ಕೆ ತೊಂದರೆ ಇರಲಿಲ್ಲ. ಕಲ್ಲು ಕಾಣಬೇಕಲ್ಲ? ಆ ಚಳಿಗಾಲವಿಡೀ ಅವನು ಬರಿಗೈಯಲ್ಲಿ ವಾಪಸಾದ.

ಊರಿನ ಆಂಕರ್ ಪಬ್ಬಿನ ತೊಲೆಯಲ್ಲಿ ಸಾಲಾಗಿ ಮೊಳೆಗಳಿವೆ. ಇನ್ನು ನನ್ನ ಕೈಲಾಗದು ಎಂದ ಹುಡುಕುವವನು ತನ್ನ ಸುತ್ತಿಗೆಯನ್ನು ಅಲ್ಲಿ ನೇತುಹಾಕುತ್ತಾನೆ. ನೇತುಹಾಕಿದ್ದನ್ನು ಮತ್ತೆ ಇಳಿಸುವಂತಿಲ್ಲ. ಸುತ್ತಿಗೆ ನೇತುಹಾಕಿದವನು ದಡಕ್ಕೆ ಕಾಲಿಡುವಂತೆಯೂ ಇಲ್ಲ, ನಾಯಿ ಕರೆದುಕೊಂಡು ಹೋಗುವುದಕ್ಕೂ ಸಹ. ಹೊಸ ವರ್ಷದ ದಿನ ಎಲ್ಲರೂ ಕೂತಿದ್ದಾಗ ಕ್ಲೆಮ್ ತಾನಾಗಿಯೇ ಬಾಯಿಬಿಟ್ಟ. ಈಸ್ಟರ್ ಹಬ್ಬದೊಳಗೆ ನನ್ನ ಕೈಯಾರೆ ಒಂದು ಒಳ್ಳೆಯ ಕಲ್ಲು ಸಿಗದಿದ್ದರೆ ಹಬ್ಬದ ದಿನ ಮಧ್ಯಾಹ್ನ ಸುತ್ತಿಗೆ ತೊಲೆಗೆ ಎಂದ. ಯಾರೂ ಅವನನ್ನು ಕೇಳಿರಲಿಲ್ಲ. ಪಬ್ಬಿನ ಒಡತಿ ಟ್ರೇಸಿ, ಆಯಿತಪ್ಪಾ, ಮೊಳೆ ಇದೆ ಎಂದಳು.

ಮೇವಿಸ್ ಅಲ್ಲೇ ಇದ್ದಳು. ನಿನ್ನಿಷ್ಟ ಎಂದು ಹೇಳಿ, ಲೋಟ ಖಾಲಿ ಮಾಡಿ, ಮನೆಗೆ ಹೋಗಿ, ಒಲೆಯ ಮೇಲಿನ ಆಲೂಗಡ್ಡೆ ಸೀದುಹೋಗುವವರೆಗೂ ಕುರ್ಚಿಯಲ್ಲಿ ಕೂತಿದ್ದಳು. ಅವನು ದಡಕ್ಕೆ ಹೋಗದಿದ್ದರೆ ಶೆಡ್ಡಿಗೆ ಕಲ್ಲು ಬರುವುದಿಲ್ಲ. ಕಲ್ಲು ಬರದಿದ್ದರೆ ಕಲ್ಲಿನ ನೆಪದಲ್ಲಿ ಅವನು ಬರುವುದಿಲ್ಲ. ನೆಪವಿಲ್ಲದೆ ಬರುವ ಪೈಕಿಯವನಲ್ಲ ಅವನು. ಇದನ್ನೆಲ್ಲ ಅವಳು ಅಲ್ಲಿ ಕೂತು ಲೆಕ್ಕ ಹಾಕಿದಳು, ಹೆದರಿದಳು, ಆಮೇಲೆ ಎದ್ದು ಪಾತ್ರೆ ನೆನೆಸಿಟ್ಟಳು.

ಶೆಡ್ಡಿನ ಅಟ್ಟದಲ್ಲಿ ಕ್ಲೆಮ್ ಹಿಂದೆ ತಂದ ಕಲ್ಲುಗಳು ಇನ್ನೂ ಬಹಳ ಇದ್ದವು. ಅವನು ತಂದಷ್ಟು ವೇಗವಾಗಿ ಇವಳಿಗೆ ಬಿಡಿಸಲಾಗುತ್ತಿರಲಿಲ್ಲ. ಎರಡು ಹೋಳು ಮಾಡಿ, ಒಳಗೆ ಏನಿದೆ ಎಂದು ನೋಡಿ, ಸರದಿಗೆ ಇಟ್ಟ ಕಲ್ಲುಗಳು. ಅವುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ಹೋಳುಗಳನ್ನು ಅಂಟಿನಿಂದ ಕೂಡಿಸಿ, ಸೇರಿಸಿದ ಗೆರೆಗೆ ಕೆಸರು ಪಾಚಿ ಉಜ್ಜಿ, ಕ್ಲೆಮ್ ಬರುವುದಕ್ಕೆ ಮುಂಚೆ ದಡಕ್ಕೆ ಹೋಗಿ ಅವನ ಕೋಲು ತಾಗುವ ಕಡೆ ಇಟ್ಟು ಬಂದಳು. ಅವತ್ತು ನೀರು ಎಂದಿಗಿಂತ ಮೇಲೆ ಬಂದಿತು. ಕಲ್ಲು ಸಮುದ್ರಕ್ಕೆ ವಾಪಸು ಹೋಯಿತು.

ಎರಡನೆಯದನ್ನು ಹಳ್ಳ ಸಮುದ್ರ ಸೇರುವ ಕಡೆ, ಇನ್ನೂ ಮೇಲೆ ಇಟ್ಟಳು. ಕ್ಲೆಮ್ ಒಂದು ಗೇಣಿನಷ್ಟು ಪಕ್ಕದಲ್ಲೇ ಅದನ್ನು ಕಾಣದೆ ದಾಟಿ ಹೋದ. ಅವನ ಹಿಂದೆಯೇ ರಜೆಗೆ ಬಂದ ಲೀಡ್ಸ್ ಪಟ್ಟಣದ ಹಲ್ಲಿನ ಡಾಕ್ಟರೊಬ್ಬ ಬಂದ, ಎತ್ತಿಕೊಂಡ. ಊರಿನಲ್ಲಿ ವಿಚಾರಿಸಿದರೆ ಇದನ್ನು ಬಿಡಿಸುವುದಕ್ಕೆ ಮೇವಿಸ್‌ಳೇ ಸರಿ ಎಂದರಂತೆ. ಬಾಣಂತಿ ಮಗುವನ್ನು ಸುತ್ತಿಕೊಂಡ ಹಾಗೆ ಟವೆಲಿನಲ್ಲಿ ಸುತ್ತಿ ಅವಳ ಬಾಗಿಲಿಗೇ ತಂದ. ಭಲೇ, ಒಳ್ಳೆ ಕಲ್ಲು ಸಿಕ್ಕಿದೆ ಎಂದು ಅವಳು ಹೇಳಲೇಬೇಕಾಯಿತು. ಇದರ ಸುತ್ತ ಇಷ್ಟು ನೇರವಾದ ಗೆರೆ ಹೇಗೆ ಬಂತು ಎಂದು ಅವನು ಕೇಳಿದ. ಪ್ರಕೃತಿ ಎಂದಳು.

ಅದಾದರೂ ನಗುವ ವಿಷಯ. ನಗಲಾರದ್ದು ಮುಂದೆ ನಡೆಯಿತು. ಕ್ಲೆಮ್ ಎಂದಿನಂತೆ ಶೆಡ್ಡಿಗೆ ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಪೆನ್ನಿನ ಝುಂಯ್ ಸದ್ದು ಕೇಳುತ್ತಾ ಯಾರ ಕಲ್ಲು ಅದು ಎಂದು ಕೇಳಿದ. ಡಾಕ್ಟರದ್ದು ಎಂದಳು. ಎಲ್ಲಿ ಸಿಕ್ಕಿತಂತೆ, ಯಾವತ್ತು ಎಂದು ಕೇಳಿದ. ಸುಳ್ಳು ಹೇಳುವುದು ಅವಳಿಗೆ ಹೊಳೆಯಲಿಲ್ಲ, ಹಳ್ಳದ ಬಾಯಲ್ಲಿ, ಮಂಗಳವಾರ ಎಂದುಬಿಟ್ಟಳು.

"ಮಂಗಳವಾರ ನಾನೂ ಅಲ್ಲೇ ಇದ್ನಲ್ಲ," ಎಂದ ಕ್ಲೆಮ್.

ಅವಳು ಕೊಟ್ಟ ಕೇಕನ್ನೂ ಚೀಸನ್ನೂ ಮುಟ್ಟದೆ ಎದ್ದು ಹೋದ. ಹಲ್ಲಿನ ಡಾಕ್ಟರು ಕಂಡದ್ದನ್ನು ತಾನು ದಾಟಿ ಹೋದೆನೆಂಬುದು ಅವನನ್ನು ಒಳಗೇ ತಿಂದುಹಾಕಿತು. ಮೇವಿಸ್‌ಗೆ ತನ್ನ ಮೇಲೇ ಅಸಹ್ಯವಾಯಿತು. ಒಳ್ಳೆಯದು ಮಾಡಲು ಹೋಗಿ ಅವನ ಮುಖವನ್ನು ಇಷ್ಟು ಸಪ್ಪಗಾಗಿಸಿದ್ದು ಕಾಯಿಲೆಯಲ್ಲ, ತಾನು. ಅಷ್ಟಾದರೂ ಬುದ್ಧಿ ಬಂದಿತೇ ಎಂದರೆ ಇಲ್ಲ. ಮೂರನೆಯ ಕಲ್ಲಿಗೆ ಅಂಟು ಹಚ್ಚಿದಳು.

ಇಲ್ಲಿ ದಡದ ಒಂದು ಕಟ್ಟಳೆಯನ್ನು ಹೇಳಬೇಕು. ಎತ್ತಲಾಗದಷ್ಟು ದೊಡ್ಡ ಕಲ್ಲು ಸಿಕ್ಕಿದವನು ಅದರ ಮೇಲೆ ಇನ್ನೊಂದು ಸಣ್ಣ ಕಲ್ಲನ್ನು ಇಟ್ಟು ಜನ ಕರೆತರಲು ಹೋಗುತ್ತಾನೆ. ಅದು ಗುರುತು. ಮುಂದಿನ ಸಲ ನೀರು ಇಳಿಯುವವರೆಗೆ ಆ ಕಲ್ಲು ಅವನದು. ಗುರುತು ಕಂಡವರು ಕೈ ಹಿಂದಕ್ಕೆ ಕಟ್ಟಿಕೊಂಡು ದಾಟಿ ಹೋಗಬೇಕು. ಒಂದು ಕಾಲದಲ್ಲಿ ಒಬ್ಬ ಇನ್ನೊಬ್ಬನ ಗುರುತನ್ನು ತೆಗೆದು ಎಸೆದಿದ್ದ. ಅವನು ಊರು ಬಿಟ್ಟು ಈಗ ಸ್ಕಾರ್‌ಬರೋ ಪಟ್ಟಣದಲ್ಲಿದ್ದಾನೆ. ಅವನ ವಿಷಯ ಊರಿನಲ್ಲಿ ಸತ್ತವರ ವಿಷಯ ಮಾತಾಡುವ ಧ್ವನಿಯಲ್ಲೇ ಮಾತಾಡುತ್ತಾರೆ.

ಈಸ್ಟರ್ ಹಿಂದಿನ ದಿನ ಬೆಳಿಗ್ಗೆ ಮೇವಿಸ್ ದಡಕ್ಕೆ ಹೋದಾಗ ಹಿಂದಿನ ವಾರದ ಬಿರುಗಾಳಿಗೆ ಗುಡ್ಡದ ಒಂದು ಮಗ್ಗುಲು ಜರಿದು ಬಂಡೆಗಳ ರಾಶಿ ಬಿದ್ದಿತ್ತು. ಈ ಸಲ ಕೋಲಿಗಲ್ಲ, ಕೈಗೇ ಸಿಗುವ ಹಾಗೆ ಇಡಬೇಕೆಂದು ನಿಶ್ಚಯಿಸಿದ್ದಳು. ರಾಶಿಯ ಅಂಚಿನಲ್ಲಿ, ಸೊಂಟದ ಎತ್ತರದಲ್ಲಿ, ದಿಂಬಿನಷ್ಟು ದೊಡ್ಡ ಚಪ್ಪಟೆ ಕಲ್ಲೊಂದು ಕೂತಿತ್ತು. ಕ್ಲೆಮ್ ನಡೆಯುವಾಗ ಕೈಯೂರುವುದು ಇಂಥದರ ಮೇಲೆಯೇ. ಅದರ ಮೇಲೆ ತನ್ನ ಕಲ್ಲನ್ನು ಮೇಜಿನ ಮೇಲೆ ಸಕ್ಕರೆ ಡಬ್ಬಿ ಇಟ್ಟ ಹಾಗೆ ನಡುಮಧ್ಯೆ ಇಟ್ಟು, ಈಗ ತಾನೇ ಬಂದವಳಂತೆ ಫ್ಲಾಸ್ಕು ಹಿಡಿದು ದೂರದಲ್ಲಿ ನಿಂತಳು. ಜನ್ಮದಲ್ಲಿ ಒಂದು ಕಲ್ಲನ್ನೂ ಹುಡುಕದವಳಿಗೆ ಗುರುತು ಇಡುವ ಪ್ರಸಂಗವೇ ಬಂದಿರಲಿಲ್ಲ. ತಾನು ಈಗ ಮಾಡಿದ್ದು ಏನು ಎಂಬುದು ಅವಳ ತಲೆಗೇ ಹೋಗಲಿಲ್ಲ.

ಕ್ಲೆಮ್ ಬಂದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಬಂಡೆಗಳ ಮೇಲೆ ಸವರುತ್ತಾ. ಕೈ ಅವಳ ಕಲ್ಲನ್ನು ಮುಟ್ಟಿತು. ಕ್ಲೆಮ್ ಕೆಂಡ ಮುಟ್ಟಿದವನಂತೆ ಕೈ ಹಿಂತೆಗೆದುಕೊಂಡ.

"ಯಾರದ್ದೋ ಗುರುತು," ಎಂದ. "ಸದ್ಯ, ಬೀಳಿಸಲಿಲ್ಲ."

ಆಗ ಅವಳಿಗೆ ಗೊತ್ತಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಕ್ಲೆಮ್ ಸುಧಾರಿಸಿಕೊಳ್ಳಲು ಕೆಳಗಿನ ಕಲ್ಲಿನ ಪಕ್ಕಕ್ಕೆ ಅಂಗೈ ಊರಿದ್ದ. ಊರಿದವನು ಹಾಗೇ ನಿಂತ. ಕೈಗವಸು ಕಳಚಿದ. ಬೆರಳುಗಳು ಆ ಕಲ್ಲಿನ ಅಂಚಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ಅದೇ ದಾರಿಯಲ್ಲಿ ಮತ್ತೆ ವಾಪಸು ಬಂದವು. ಆಮೇಲೆ ಬಗ್ಗಿ ಕಲ್ಲನ್ನು ನೆಕ್ಕಿದ. ಎಲುಬಾದರೆ ನಾಲಿಗೆಗೆ ಅಂಟುತ್ತದೆ, ಬರಿಯ ಕಲ್ಲಾದರೆ ಅಂಟುವುದಿಲ್ಲ. ಹಾಕ್ಸ್‌ಬೆಕ್‌ನಲ್ಲಿ ವಯಸ್ಸಾದವರು ಕಲ್ಲು ನೆಕ್ಕುತ್ತಾ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

"ಮೇವಿಸ್, ಇಲ್ಲಿ ಬಾ. ಈ ಅಂಚಿನಲ್ಲಿ ಏನ್ ಕಾಣತ್ತೆ, ಹೇಳು."

ಹೋಗಿ ನೋಡಿದಳು. ಕಂದು ಬಣ್ಣದ ಪಟ್ಟೆ, ಬ್ರೆಡ್ಡಿನ ಹೋಳಿನಂತೆ ತೂತುತೂತು. ಅದರ ಕೆಳಗೆ ಸಾಲಾಗಿ ಹಲ್ಲು. ಕಲ್ಲು ಹೊಡೆದು ಒಳಗೆ ನೋಡುವ ಅಗತ್ಯವೇ ಇಲ್ಲ, ಇಷ್ಟಗಲ ಬಾಯಿ ತೆರೆದುಕೊಂಡು ಕೂತಿತ್ತು. ಆಗಲೇ ಎರಡು ಕೈಯಿಂದ ಅದರ ಮರಳು ಒರೆಸಿ ಮೇಲೆ ಕಲ್ಲಿಟ್ಟವಳು ಅವಳು.

"ಹಲ್ಲು," ಎಂದಳು.

ಮೀನುಹಲ್ಲಿಯ ಬುರುಡೆ ಎಂದ ಕ್ಲೆಮ್. ಡೈನೋಸಾರುಗಳ ಕಾಲದಲ್ಲಿ ಇದೇ ಕಡಲಲ್ಲಿ ಈಜಿಕೊಂಡಿದ್ದದ್ದು. ಅವನ ಅಜ್ಜನಿಗೆ ಒಂದು ಸಿಕ್ಕಿತ್ತು, ಅಪ್ಪನಿಗೆ ಸಿಗಲಿಲ್ಲ, ಅವನಿಗೂ ಈವರೆಗೆ ಸಿಕ್ಕಿರಲಿಲ್ಲ. ಅದನ್ನು ಹೇಳಿ ಕೈಗವಸಿನಿಂದ ಮೂಗು ಒರೆಸಿಕೊಂಡ. ಒರೆಸಿಕೊಂಡು, ನಡಿ, ಹೋಗೋಣ ಎಂದ.

ಹೋಗುವುದು ಎಂದರೆ ಏನು ಎಂದು ಮೇವಿಸ್ ಕೇಳಿದಳು. ಗುರುತಿದೆಯಲ್ಲ, ಇಟ್ಟವನು ಬರುತ್ತಾನೆ, ಪುಣ್ಯವಂತ ಎಂದ. ಸಂಜೆಗೆ ಮತ್ತೆ ಬಿರುಗಾಳಿ ಅಂತ ರೇಡಿಯೋದಲ್ಲಿ ಹೇಳಿದ್ದಾರೆ, ಇಳಿದ ನೀರು ಆಗಲೇ ಏರತೊಡಗಿದೆ, ಇವತ್ತು ಎತ್ತದಿದ್ದರೆ ಪುಡಿಪುಡಿಯಾಗುತ್ತದೆ ಎಂದಳು. ಅದು ಇಟ್ಟವನ ಹಣೆಬರಹ ಎಂದ. ನನಗೇನೂ ಗುರುತು ಕಾಣಿಸುತ್ತಿಲ್ಲಪ್ಪ ಎಂದೂ ಒಂದು ಸಲ ಹೇಳಿ ನೋಡಿದಳು.

"ಹೋಗಿರೋದು ಕಣ್ಣು ಕಣೇ, ಕೈಯಲ್ಲ," ಎಂದ ಅವನು.

ಮೇವಿಸ್ ಅಲ್ಲಿ ನಿಂತು ಯೋಚಿಸಿದಳು. ಗುರುತು ನನ್ನದು, ನಾನೇ ಹುಡುಕಿದ್ದು ಎಂದರೆ ಬುರುಡೆ ಉಳಿಯುತ್ತದೆ, ಕ್ಲೆಮ್‌ನ ಸುತ್ತಿಗೆ ನಾಳೆ ತೊಲೆ ಸೇರುತ್ತದೆ. ಇದ್ದದ್ದು ಇದ್ದಹಾಗೆ ಹೇಳಿದರೆ ಹುಡುಕಿದವನು ಅವನೇ ಆಗುತ್ತಾನೆ. ಆದರೆ ಚಳಿಗಾಲವೆಲ್ಲ ತಾನು ಅವನ ಕಾಲ ಬಳಿ ಕಲ್ಲು ಇಡುತ್ತಾ ಬಂದದ್ದು ಗೊತ್ತಾಗುತ್ತದೆ, ಮತ್ತೆಂದೂ ತನ್ನ ಶೆಡ್ಡಿನ ಮೆಟ್ಟಿಲು ಹತ್ತುವುದಿಲ್ಲ. ಅವನಿಗೆ ದಡ ಇರುತ್ತದೆ, ತನಗೆ ಅವನಿರುವುದಿಲ್ಲ. ನೀರು ಅವಳ ಬೂಟಿನ ತುದಿ ಮುಟ್ಟಿ ಹೋಯಿತು.

"ಅದು ಗುರುತಲ್ಲ ಕಣೋ ಕ್ಲೆಮ್," ಎಂದಳು. "ನಿಂಗೆ ಸಿಗ್ಲಿ ಅಂತ ನಾನೇ ತಂದಿಟ್ಟ ಕಲ್ಲು. ಅಂಟು ಹಾಕಿ. ಕೆಳಗಿಂದು ನಂಗೆ ಕಾಣ್ಲೇ ಇಲ್ಲ, ಮೇಜು ಅಂದ್ಕೊಂಡೆ."

ಕ್ಲೆಮ್ ಮೇಲಿನ ಕಲ್ಲನ್ನು ಎತ್ತಿಕೊಂಡು ತಿರುಗಿಸಿದ, ಕೂಡಿಸಿದ ಗೆರೆಯ ಮೇಲೆ ಉಗುರು ಎಳೆದ, ಅದನ್ನೂ ನೆಕ್ಕಿದ, ಉಗಿದ.

"ಡಾಕ್ಟರದ್ದು?"

"ಅದೂ ನಾನೇ ಇಟ್ಟಿದ್ದು. ಅದಕ್ಕೆ ಮುಂಚೆ ಒಂದು ಸಮುದ್ರಕ್ಕೆ ಹೋಯ್ತು." ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಅದನ್ನೂ ಹೇಳಿದಳು. "ನೀನು ಸುತ್ತಿಗೆ ನೇತುಹಾಕಿದ್ರೆ ನನ್ನ ಶೆಡ್ಡಿಗೆ ಯಾರ್ ಬರ್ತಾರೆ? ನಂಗೆ ಹೆದ್ರಿಕೆ ಆಯ್ತು. ಬೈಯೋದಿದ್ರೆ ಬೇಗ ಬೈದುಬಿಡು, ನೀರು ಬರ್ತಿದೆ."

ಅವನು ಬೈಯಲಿಲ್ಲ. ಮಂಗಳವಾರದ ಕಲ್ಲು ಹಾಗಾದರೆ ಹಿಂದೆ ತಾನೇ ಹುಡುಕಿ ಅವಳ ಶೆಡ್ಡಿಗೆ ತಂದಿದ್ದ ಕಲ್ಲು, ಹಲ್ಲಿನ ಡಾಕ್ಟರಿಗೆ ಸಿಕ್ಕಿದ್ದಲ್ಲ ಎಂಬುದನ್ನು ಮೆಲ್ಲಗೆ ಅರಗಿಸಿಕೊಂಡ. ಅವನ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಆಮೇಲೆ ಕೈಲಿದ್ದ ಕಲ್ಲನ್ನು ಮೊದಲಿದ್ದ ಜಾಗದಲ್ಲೇ ನಡುಮಧ್ಯೆ ವಾಪಸು ಇಟ್ಟ.

ಗುರುತು ಗುರುತೇ ಎಂದ. ಇಟ್ಟವಳು ಏನು ಅಂದುಕೊಂಡು ಇಟ್ಟಳು ಎಂದು ದಡ ಕೇಳುವುದಿಲ್ಲ. ಕಲ್ಲಿನ ಮೇಲೆ ಕಲ್ಲು ಇಟ್ಟದ್ದು ನೀನು, ಬುರುಡೆ ನಿನ್ನದು ಎಂದ. ಮೇವಿಸ್ ಒಪ್ಪಲಿಲ್ಲ. ನೋಡದೆ ಇಟ್ಟದ್ದು ಹುಡುಕಿದ ಹಾಗಲ್ಲ, ಮೊದಲು ತಿಳಿದವನು ನೀನು, ನಿನ್ನದು ಎಂದಳು. ಅವನು ನಿನ್ನದು ಎಂದ. ಇವಳು ನಿನ್ನದು ಎಂದಳು. ಆ ದಡದಲ್ಲಿ ಕಲ್ಲು ನನ್ನದು ನನ್ನದೆಂದು ಎಷ್ಟೋ ಜನ ಮೂಗು ಒಡೆದುಕೊಂಡಿದ್ದಾರೆ. ನಿನ್ನದು ನಿನ್ನದೆಂದು ಜಗಳವಾಡಿದ್ದು ಅದೇ ಮೊದಲು. ಅಲೆ ಮೊಣಕಾಲಿನವರೆಗೆ ಬಂದಾಗ, ಊರು ತೀರ್ಮಾನಿಸಲಿ, ಮೊದಲು ಎತ್ತೋಣ ಎಂದು ಇಬ್ಬರೂ ಒಪ್ಪಿದರು. ಅವನ ಕೋಟಿನಲ್ಲಿ ಬುರುಡೆಯನ್ನು ಸುತ್ತಿ, ಆ ತುದಿ ಅವನು ಈ ತುದಿ ಇವಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ಇಳಿಸಿ ಏದುಸಿರು ಬಿಡುತ್ತಾ ಹೊರಟರು. ಇವಳು ಮುಂದೆ ನಡೆಯುತ್ತಾ ಎಲ್ಲಿ ಕಾಲಿಡಬೇಕೆಂದು ಹೇಳಿದಳು. ಅವನು ಹಿಂದಿನಿಂದ, ಈ ದಾರಿ ನಿನಗಿಂತ ನನಗೆ ಗೊತ್ತು ಎಂದು ಬೈದುಕೊಂಡು ಬಂದ. ಶೆಡ್ಡು ಮುಟ್ಟಿಸಿದರು.

ಹಬ್ಬದ ಮಧ್ಯಾಹ್ನ ಆಂಕರ್ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಲೆಮ್ ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟು ನಡೆದದ್ದನ್ನೆಲ್ಲ ಹೇಳಿದ, ಅಂಟು, ಡಾಕ್ಟರು, ಮೇಜು, ಏನೂ ಬಿಡದೆ. ಮೇವಿಸ್ ಕಿವಿಯವರೆಗೆ ಕೆಂಪಾಗಿ ಕೂತಿದ್ದಳು. ಊರು ಬಹಳ ಗಂಭೀರವಾಗಿ ಚರ್ಚೆ ಮಾಡಿತು. ಒಬ್ಬರು ಸ್ಕಾರ್‌ಬರೋದವನ ಉದಾಹರಣೆ ಎತ್ತಿದರು. ಕೊನೆಗೆ, ಗೊತ್ತಿದ್ದು ಇಟ್ಟರೂ ಗೊತ್ತಿಲ್ಲದೆ ಇಟ್ಟರೂ ಗುರುತು ಗುರುತೇ, ಬುರುಡೆ ಮೇವಿಸ್ ಪಿಕರಿಂಗ್ ಹುಡುಕಿದ್ದು ಎಂದು ತೀರ್ಮಾನವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಇದರ ಅರ್ಥವೇನೆಂದು ಒಬ್ಬೊಬ್ಬರಿಗೇ ಹೊಳೆದು ಚಪ್ಪಾಳೆ ನಿಂತಿತು. ಟ್ರೇಸಿ ತೊಲೆಯ ಕೆಳಗೆ ಸ್ಟೂಲು ತಂದಿಟ್ಟು ಮುಖ ಆ ಕಡೆ ತಿರುಗಿಸಿಕೊಂಡಳು.

ಕ್ಲೆಮ್ ಸುತ್ತಿಗೆ ಹಿಡಿದು ಎದ್ದ. ಮೇವಿಸ್‌ಗೆ ಅಳು ಬಂತು, ತಡೆಯುವ ಗೋಜಿಗೆ ಹೋಗಲಿಲ್ಲ. ಅವನು ಸ್ಟೂಲಿನವರೆಗೆ ಹೋಗಿ, ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಅವಳ ಟೋಪಿಯ ಗುರಿ ಹಿಡಿದು ನಡೆದು ಬಂದು, ಸುತ್ತಿಗೆಯನ್ನು ಅವಳ ಮಡಿಲಲ್ಲಿ ಇಟ್ಟ.

"ಹುಡುಕೋಳ ಹತ್ರ ಸುತ್ತಿಗೆ ಇಲ್ದೆ ಹೇಗೆ?" ಎಂದ. "ತೊಲೆಗೆ ಹಾಕಿದ್ರೆ ತಾನೇ ನಾನು ದಡಕ್ಕೆ ಬರಬಾರ್ದು? ನಿಂಗೆ ಕೊಡಬಾರ್ದು ಅಂತ ಯಾರೂ ಹೇಳಿಲ್ವಲ್ಲ."

ಹಾಗೆ ಯಾರೂ ಹೇಳಿರಲಿಲ್ಲ. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ರೇಸಿ ಸ್ಟೂಲನ್ನು ಒಳಗಿಟ್ಟು ಬಂದಳು.

"ನಂಗೆ ಕಣ್ಣಿಲ್ಲ ಕಣೋ, ನಿಂಗೊತ್ತಲ್ಲ," ಎಂದಳು ಮೇವಿಸ್.

"ನಂಗೂ ಇಲ್ಲ," ಎಂದ ಕ್ಲೆಮ್, ಅವಳ ಪಕ್ಕದಲ್ಲಿ ಕೂರುತ್ತಾ. "ನಾಳೆ ನೀರು ಇಳಿಯೋದು ಎಷ್ಟೊತ್ತಿಗೆ?"

ಬೆಳಿಗ್ಗೆ ಏಳರ ಹೊತ್ತಿಗೆ, ಟೀ ತರುತ್ತೇನೆ ಎಂದಳು.

"ತಾ. ಆದ್ರೆ ಎಲ್ಲಾದ್ರೂ ಕೂತ್ಕೊಳ್ಳೋ ಮುಂಚೆ ನಂಗೆ ಹೇಳು."